ಪಡಸಾಲೆಯಲ್ಲಿ ಬಿಚ್ಚಿಟ್ಟ ಇಂಜಿನ್ನು

ನಮ್ಮ ಮಸ್ಕಿಯ ಮನೆಯ ಪಡಸಾಲೆಗೆ ಅಡ್ಡಲಾಗಿ ಒಂದು ಬೇವಿನ ತೊಲೆ ಇತ್ತು. ನನ್ನ ತೊಟ್ಟಿಲು ಕಟ್ಟಿದ್ದು ಅದಕ್ಕೇ, ನನ್ನ ಬೆನ್ನಿಗೆ ಹುಟ್ಟಿದ ತಂಗಿಯ ತೊಟ್ಟಿಲೂ ಅದಕ್ಕೇ. ಅದರ ಕೆಳಗೆ ನಾವು ಉಂಡೆವು, ಜಗಳವಾಡಿದೆವು, ಬೇಸಿಗೆಯ ಮಧ್ಯಾಹ್ನಗಳಲ್ಲಿ ಹಾಸುಗಲ್ಲಿನ ಮೇಲೆ ನೀರು ಚಿಮುಕಿಸಿಕೊಂಡು ಮಲಗಿದೆವು. ನನಗೆ ಒಂಬತ್ತು ವರ್ಷವಾಗಿದ್ದಾಗ ಅದೇ ತೊಲೆಯ ಕೆಳಗೆ ಒಂದು ಮೋಟಾರಿನ ಇಂಜಿನ್ನು ಬಂದು ಕೂತಿತು. ಕೂತದ್ದು, ನಡುವೆ ಒಂದು ಹದಿನೈದು ದಿನ ಬಿಟ್ಟರೆ, ಎರಡು ತಿಂಗಳು ಏಳಲಿಲ್ಲ. ಆ ಎರಡು ತಿಂಗಳು ನಾವು ಅಡುಗೆಮನೆಯ ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ಕೂತು ಉಂಡೆವು. ರೊಟ್ಟಿಗೂ ಸೀಮೆಎಣ್ಣೆಯ ವಾಸನೆ, ಪುಂಡಿಪಲ್ಯಕ್ಕೂ ಸೀಮೆಎಣ್ಣೆಯ ವಾಸನೆ, ಆಯಿಯ ವಿಭೂತಿ ಗಟ್ಟಿಗೂ ಅದೇ ವಾಸನೆ. ಇಷ್ಟು ವರ್ಷಗಳಾದ ಮೇಲೆ ಈಗಲೂ ಎಲ್ಲಾದರೂ ಸೀಮೆಎಣ್ಣೆಯ ವಾಸನೆ ಬಂದರೆ ನನಗೆ ಹಸಿವಾಗುತ್ತದೆ. ನನ್ನ ಮೊಮ್ಮಕ್ಕಳು ಇದನ್ನು ನಂಬುವುದಿಲ್ಲ.

ಆಯಿ ಎಂದರೆ ಅಪ್ಪನ ತಾಯಿ. ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಆದರೂ ಮನೆಯಲ್ಲಿ ಯಾರು ಎಲ್ಲಿ ಏನು ಮಾಡುತ್ತಿದ್ದಾರೆಂದು ಸಪ್ಪಳದ ಮೇಲೆಯೇ ಹೇಳಿಬಿಡುತ್ತಿದ್ದಳು. ಅವ್ವ ಅತ್ತೆಯ ಎದುರಿಗೆ ಹೆಚ್ಚು ಮಾತಾಡುತ್ತಿರಲಿಲ್ಲ. ಆಡಬೇಕಾದದ್ದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಒಂದೇ ಒಂದು ಪ್ರಶ್ನೆಯಾಗಿ ಕೇಳಿ, ತಿರುಗಿ ಒಲೆಯ ಮುಂದೆ ಕೂತುಬಿಡುತ್ತಿದ್ದಳು. ಅಪ್ಪ ಶರಣಪ್ಪ ಹೊಲ ಮಾಡುತ್ತಿದ್ದವನು, ಆಮೇಲೆ ಬಾಡಿಗೆಗೆ ಮೋಟಾರು ಕಾರು ಇಟ್ಟವನು. ಅವನ ತಮ್ಮ ಬಸಣ್ಣ ಕಾಕಾ ರಾಯಚೂರಿನ ಹೈಸ್ಕೂಲಿನಲ್ಲಿ ಓದಿ ಬಂದಿದ್ದ. ಊರಿನಲ್ಲಿ ಇಸ್ತ್ರಿ ಮಾಡಿದ ಅಂಗಿ ದಿನಾ ತೊಡುತ್ತಿದ್ದವನು ಅವನೊಬ್ಬನೇ, ಮತ್ತು ಅದು ಎಲ್ಲರಿಗೂ ಗೊತ್ತಿರಬೇಕೆಂಬ ಆಸೆಯೂ ಅವನಿಗೆ ಇತ್ತು.

ಮೋಟಾರು ಮನೆಗೆ ಬಂದದ್ದು ನಿಜಾಮನ ರಾಜ್ಯ ಮುಗಿದ ಮೇಲೆ. ಲಿಂಗಸೂಗೂರಿನಲ್ಲಿದ್ದ ಒಬ್ಬ ದೊಡ್ಡ ಅಧಿಕಾರಿ ಊರು ಬಿಡುವಾಗ ಅದನ್ನು ಅಪ್ಪನಿಗೆ ಮಾರಿ ಹೋದ. ಎತ್ತು ಕಟ್ಟುವ ಜಾಗದಲ್ಲಿ ಅದನ್ನು ನಿಲ್ಲಿಸಿಕೊಂಡೆವು. ಸಿಂಧನೂರಿನ ವ್ಯಾಪಾರಿಗಳು, ಲಿಂಗಸೂಗೂರಿನ ದವಾಖಾನೆಗೆ ಹೋಗುವ ಬಸುರಿಯರು, ಗಂಡನ ಮನೆಗೆ ಹೋಗುವ ಹೊಸ ಮದುವಣಗಿತ್ತಿಯರು, ಎಲ್ಲರೂ ಅದರಲ್ಲಿ ಕೂತವರೇ. ಮೋಟಾರಿನ ಜೊತೆಗೆ ಅದರ ಮಿಸ್ತ್ರಿ ಮೋದಿನಸಾಬನೂ ಒಂದು ರೀತಿಯಲ್ಲಿ ನಮ್ಮ ಪಾಲಿಗೆ ಬಂದ. ಆ ಅಧಿಕಾರಿಯ ಗಾಡಿಗಳನ್ನು ನೋಡಿಕೊಳ್ಳುತ್ತಿದ್ದವನು, ಸಾಹೇಬ ಹೋದ ಮೇಲೆ ಕೆಲಸವಿಲ್ಲದೆ ನಿಂತಿದ್ದ. ನಿಜಾಮನ ಕಡೆಯ ರಜಾಕಾರರ ಗದ್ದಲದಲ್ಲಿ ಅವನು ಯಾರ ತಂಟೆಗೂ ಹೋದವನಲ್ಲ. ಆದರೂ ಗದ್ದಲ ಮುಗಿದ ಮೇಲೆ ಊರಿನ ಕೆಲವರು ಅವನನ್ನು ನೋಡಿ ಮುಖ ತಿರುಗಿಸುತ್ತಿದ್ದರು, ಒಂದು ಪಂಪಿನ ಕೆಲಸ ಬಂದರೂ ಅವನನ್ನು ಕರೆಯುತ್ತಿರಲಿಲ್ಲ. ಅಪ್ಪ ಕರೆದ. ನಾವು ಮಕ್ಕಳು ಅವನನ್ನು ಮಾಮಾ ಎನ್ನುತ್ತಿದ್ದೆವು. ಆಯಿ ಅವನಿಗೆ ಚಹಾ ಕೊಡುವ ಕಪ್ಪನ್ನು ಮಾತ್ರ ಬೇರೆಯಾಗಿ ಹೊರಗಿನ ಗೂಡಿನಲ್ಲಿ ಇಟ್ಟಿರುತ್ತಿದ್ದಳು. ಅದನ್ನು ಮುಚ್ಚಿಟ್ಟು ಬರೆಯುವುದು ನನಗೆ ಸರಿ ಕಾಣುವುದಿಲ್ಲ.

ಎರಡು ವರ್ಷ ಓಡಿದ ಮೇಲೆ ಮೋಟಾರು ಎಣ್ಣೆ ಕುಡಿಯಲು ಶುರುಮಾಡಿತು. ಹಿಂದೆ ನೀಲಿ ಹೊಗೆ, ಒಳಗೆ ಗುದ್ದುವ ಸಪ್ಪಳ. ದಿಬ್ಬ ಬಂದರೆ ಮದುವಣಗಿತ್ತಿಯನ್ನೂ ಇಳಿಸಿ ದೂಡಿಸಬೇಕಾಯಿತು. ಇಂಜಿನ್ನಿನ ಕೆಲಸ ಮಾಡಲೇಬೇಕು ಎಂದು ಎಲ್ಲರೂ ಒಪ್ಪಿದರು. ಯಾರು ಮಾಡಬೇಕು ಎನ್ನುವಲ್ಲಿ ಮನೆ ಎರಡಾಯಿತು. ಒಂದು ಮಧ್ಯಾಹ್ನ ಅಪ್ಪ, ಕಾಕಾ ಉಣ್ಣಲು ಕೂತಿದ್ದರು. ಮೋದಿನಸಾಬ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ಬಾಗಿಲು ತೆರೆದೇ ಇತ್ತು, ಒಳಗಿನ ಮಾತು ಅವನಿಗೆ ಕೇಳುತ್ತದೆಂದು ಕಾಕಾನಿಗೆ ಗೊತ್ತೇ ಇತ್ತು.

“ಅಣ್ಣಾ, ಹೈದರಾಬಾದಿನಾಗ ತಯಾರ್ ಇಂಜಿನ್ನು ಸಿಗತಾವು. ಹಳೇ ಇಂಜಿನ್ನ ಪೂರಾ ಬಿಚ್ಚಿ, ಹೊಸಾದರಂಗ ಮಾಡಿ, ಕಟಗಿ ಪೆಟಗ್ಯಾಗ ಇಟ್ಟು ಮಾರ್ತಾರ. ನಮ್ಮದು ಅವ್ರಿಗೆ ಕೊಡೂದು, ಅವ್ರದು ನಾವು ತರೂದು. ಎಂಟು ದಿನದಾಗ ಗಾಡಿ ರೋಡಿನ ಮ್ಯಾಲ ಇರತೈತಿ.”

“ಪೆಟಗ್ಯಾಗ ಏನೈತಿ ಅಂತ ಯಾರು ನೋಡ್ಯಾರ?” ಎಂದ ಅಪ್ಪ.

“ಮಿಷನ್ನಿಲೆ ಮಾಡ್ತಾರಣ್ಣಾ, ಕೈಲೆ ಅಲ್ಲ. ಕೈ ತಪ್ಪತೈತಿ, ಮಿಷನ್ನು ತಪ್ಪಂಗಿಲ್ಲ.”

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಬಾಗಿಲ ಕಡೆ ನೋಡಿ, “ಏನಂತಿ ಮೋದಿನ?” ಎಂದು ಕೇಳಿದ. ಮೋದಿನಸಾಬ ಒಳಗೆ ಬರಲಿಲ್ಲ. ಹೊಸ್ತಿಲ ಆಚೆ ನಿಂತು ತಲೆಯ ಮೇಲಿನ ರುಮಾಲು ತೆಗೆದು ಹೆಗಲಿಗೆ ಹಾಕಿಕೊಂಡ.

“ಸಣ್ಣ ಅಣ್ಣಾರು ಹೇಳೂದು ಸುಳ್ಳಲ್ರಿ. ತಯಾರ್ ಇಂಜಿನ್ನು ಚಲೋನ ಇರತಾವು. ಆದ್ರ ನಮ್ಮ ಇಂಜಿನ್ನಿನ ಮೈ ಗಟ್ಟಿ ಐತ್ರಿ. ಎಲ್ಲೂ ಸೀಳಿಲ್ಲ. ಒಳಗ ಸವದೈತಿ, ಅಷ್ಟ. ರಿಂಗು ಹೊಸಾವು ಹಾಕಿ, ಬೇರಿಂಗಿಗೆ ಧಾತು ಹೊಯ್ದು ಕೆತ್ತಿ ಕೂಡ್ಸಿದ್ರ ಇನ್ನೊಂದು ಹತ್ತು ವರ್ಷಕ್ಕ ಅಂಜಿಕಿಲ್ಲ.”

“ಓಡಲಿಲ್ಲ ಅಂದ್ರ?” ಕಾಕಾ ಕೇಳಿದ.

“ಓಡಲಿಲ್ಲ ಅಂದ್ರ ನಾ ಈ ಊರಾಗ ಪಾನಾ ಹಿಡಿಯಂಗಿಲ್ರಿ. ಹೆಂಡ್ತಿ ಮಕ್ಕಳನ್ನ ಕರಕೊಂಡು ರಾಯಚೂರಿಗೆ ಹೋಗಿ ಹಮಾಲಿ ಮಾಡ್ತೀನಿ.”

ಪಾನಾ ಎಂದರೆ ಬೋಲ್ಟು ತಿರುಗಿಸುವ ಸ್ಪ್ಯಾನರು, ಅವನ ಅನ್ನವೇ ಅದು. ಆಗ ಅವ್ವ ಅಡುಗೆಮನೆಯ ಬಾಗಿಲಿಗೆ ಬಂದಳು.

“ಆ ಪೆಟಗಿ ಇಂಜಿನ್ನು ನಾಳೆ ದಾರ್‍ಯಾಗ ಕೆಟ್ಟು ನಿಂತ್ರ ಯಾರನ್ನ ಕರೀತೀರಿ?”

“ಮೋದಿನಸಾಬನ್ನ,” ಎಂದುಬಿಟ್ಟ ಕಾಕಾ. ಅಂದ ಮೇಲೆ ತಾನೇ ಕೆಮ್ಮಿದ. ಅವ್ವ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಅಪ್ಪ ಕೈ ತೊಳೆದುಕೊಂಡು ಎದ್ದು, “ಬಿಚ್ಚು ಮೋದಿನ,” ಎಂದ. ಊರಿಗೆ ಗೊತ್ತಾಗಲು ಒಂದು ಗಳಿಗೆ ಸಾಕಾಯಿತು. ಶರಣಪ್ಪ ಇಂಜಿನ್ನು ಮನೆಯಲ್ಲೇ ಮಾಡಿಸುತ್ತಾನಂತೆ, ಅದೂ ಸಾಬನ ಕೈಯಿಂದ, ಎಂದು ಬಾವಿಯ ಹತ್ತಿರ ಹೆಂಗಸರು ಅವ್ವನನ್ನು ಕೇಳಿದರಂತೆ. ಅವ್ವ ಕೊಡ ಎತ್ತಿಕೊಂಡು ಬಂದಳು.

ಅದು ಆಷಾಢ. ನಮ್ಮ ಕಡೆ ಆಷಾಢದಲ್ಲಿ ಮಳೆಗಿಂತ ಗಾಳಿ ಜಾಸ್ತಿ, ಗಾಳಿಯಲ್ಲಿ ಕರಿಮಣ್ಣಿನ ಧೂಳು. ಹೊರಗೆ ಬಿಚ್ಚಿದರೆ ಧೂಳು ಹೊಕ್ಕು ಕೆಡುತ್ತದೆ ಎಂದ ಮೋದಿನಸಾಬ. ಹಾಗಾಗಿ ಆರು ಜನ ಬಿದಿರುಬೊಂಬಿಗೆ ಸರಪಳಿ ಕಟ್ಟಿ, ಇಂಜಿನ್ನನ್ನು ಹೊತ್ತು ತಂದು ಪಡಸಾಲೆಯಲ್ಲಿ ಇಳಿಸಿದರು. ಆಯಿ ಗೋಡೆಗೆ ಕೈ ಹಚ್ಚಿ ನಿಂತು ಆ ಸಪ್ಪಳವನ್ನೆಲ್ಲ ಕೇಳಿಸಿಕೊಂಡಳು.

“ಎತ್ತಿನ ಜಾಗಕ್ಕ ಮೋಟಾರು ಬಂತು. ಈಗ ಮನಷ್ಯಾರ ಜಾಗಕ್ಕೂ ಬಂತೇನು? ನನ್ನನ್ನೂ ಒಯ್ದು ಗ್ವಾದಲ್ಯಾಗ ಕಟ್ರಿ.”

ಅವ್ವನ ಹಳೆಯ ಸೀರೆ ಹಾಸಿ, ಅದರ ಮೇಲೆ ಬಿಚ್ಚಿದ ಒಂದೊಂದು ಸಾಮಾನನ್ನೂ ಬಿಚ್ಚಿದ ಕ್ರಮದಲ್ಲೇ ಮೋದಿನಸಾಬ ಜೋಡಿಸುತ್ತ ಹೋದ. ಸಣ್ಣವು ಪರಾತದಲ್ಲಿ ಸೀಮೆಎಣ್ಣೆಯೊಳಗೆ. ಕೋಳಿ, ಬೆಕ್ಕು, ತಂಗಿ, ಈ ಮೂವರನ್ನೂ ದೂರ ಇಡುವ ಕೆಲಸ ನನ್ನದು. “ಬಿಚ್ಚಿದ ಸಾಮಾನು ಯಾರೂ ಮುಟ್ಟಬಾರ್ದು. ನೀನೂ ಮುಟ್ಟಬಾರ್ದು ಪಾರಿ,” ಎಂದು ಮೊದಲ ದಿನವೇ ಹೇಳಿದ್ದ. ನಾನು ಶಾಲೆಯಿಂದ ಬಂದವಳೇ ಕೈಯಲ್ಲಿ ಕಸಬರಿಗೆ ಹಿಡಿದು ಕೂತುಬಿಡುತ್ತಿದ್ದೆ. ಅವನು ಕೆಲಸ ಮಾಡುತ್ತ ಮಾಡುತ್ತ ಹೆಸರು ಹೇಳುತ್ತಿದ್ದ, ನಾನು ಮರಳಿ ಹೇಳುತ್ತಿದ್ದೆ. ಶಾಲೆಯಲ್ಲಿ ಆಗಷ್ಟೇ ಉರ್ದು ಹೋಗಿ ಕನ್ನಡ ಬಂದಿತ್ತು, ಮಾಸ್ತರರಿಗೂ ನಮಗೂ ಎಲ್ಲ ಗಲಿಬಿಲಿ. ಪಡಸಾಲೆಯ ಪಾಠ ನನಗೆ ಅದಕ್ಕಿಂತ ಸಲೀಸಾಗಿತ್ತು.

ಎಲ್ಲಕ್ಕಿಂತ ಹೆಚ್ಚು ದಿನ ಹಿಡಿದದ್ದು ಬೇರಿಂಗಿನ ಕೆಲಸ. ಕ್ರ್ಯಾಂಕು ಎಂದರೆ ಇಂಜಿನ್ನಿನೊಳಗೆ ತಿರುಗುವ ಉಕ್ಕಿನ ದಂಡ. ಅದು ಕೂತು ತಿರುಗುವ ಜಾಗದಲ್ಲಿ ಅರ್ಧ ಬಳೆಯಂಥ ತುಂಡುಗಳಿರುತ್ತವೆ, ಅವೇ ಬೇರಿಂಗು. ಅವುಗಳ ಒಳಮೈಗೆ ಬೆಳ್ಳಗಿನ ಮೆತ್ತನೆಯ ಧಾತು. ಮೋದಿನಸಾಬ ಆ ಧಾತುವನ್ನು ಅವ್ವನ ಒಲೆಯ ಮೇಲೆಯೇ ಕರಗಿಸಿ ಹೊಯ್ದ. ಆಮೇಲೆ ಮೂರಂಚಿನ ಚೂರಿಯಿಂದ ಕೆತ್ತತೊಡಗಿದ. ದಂಡಕ್ಕೆ ತೆಳ್ಳಗೆ ಬಣ್ಣ ಹಚ್ಚಿ, ಬೇರಿಂಗು ಕೂರಿಸಿ, ಒಂದು ಸುತ್ತು ತಿರುಗಿಸಿ ತೆಗೆಯಬೇಕು. ಎಲ್ಲಿ ಬಣ್ಣ ಹತ್ತಿದೆಯೋ ಅಲ್ಲಿ ಉಬ್ಬಿದೆ ಎಂದರ್ಥ. ಅಷ್ಟನ್ನೇ ಕೂದಲೆಳೆಯಷ್ಟು ಕೆತ್ತಬೇಕು. ಮತ್ತೆ ಹಚ್ಚಬೇಕು, ಮತ್ತೆ ತಿರುಗಿಸಬೇಕು. ಬಣ್ಣ ಒಳಮೈಗೆಲ್ಲ ಒಂದೇ ಸಮ ಹತ್ತುವವರೆಗೆ ಬಿಡುವಂತಿಲ್ಲ. ಆ ಬಣ್ಣ ಮಸ್ಕಿಯಲ್ಲಿ ಎಲ್ಲಿ ಸಿಗಬೇಕು? ಅವನು ತಲೆ ಕೆರೆದುಕೊಂಡು ಆಯಿಯ ಮುಂದೆ ಹೋಗಿ ನಿಂತ.

“ಯವ್ವಾ, ನಿಮ್ಮ ಕಾಡಿಗಿ ಜರಾ ಬೇಕಾಗಿತ್ರಿ.”

“ನಿನ್ನ ಇಂಜಿನ್ನಿಗೆ ದೃಷ್ಟಿ ಆಗೈತೇನೋ?” ಎಂದಳು ಆಯಿ. ಆದರೂ ಎದ್ದಳು. ಹರಳೆಣ್ಣೆಯ ದೀಪ ಹಚ್ಚಿ, ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ, ಕಟ್ಟಿದ ಮಸಿಯನ್ನು ಬೆರಳಿನಿಂದ ಬಳಿದು, ಎಣ್ಣೆಯಲ್ಲಿ ಕಲಸಿ, ಡಬ್ಬಿ ತುಂಬ ಕೊಟ್ಟಳು. ಮೂರು ವಾರ ನಮ್ಮ ಮನೆಯ ಮಕ್ಕಳ ಕಣ್ಣಿಗೆ ಕಾಡಿಗೆ ಇರಲಿಲ್ಲ, ಎಲ್ಲ ಕ್ರ್ಯಾಂಕಿಗೆ ಹೋಯಿತು. ಮೋದಿನಸಾಬ ಕೆತ್ತುವಾಗ ಉಸಿರು ಹಿಡಿಯುತ್ತಿದ್ದ. ಕಾಕಾ ಕೂಡ ದಿನಕ್ಕೊಮ್ಮೆ ಬಂದು ನಿಂತು ನೋಡಿ ಹೋಗುತ್ತಿದ್ದ. ಅಪ್ಪ ಒಂದು ದಿನ ಬೇರಿಂಗನ್ನು ಬೆಳಕಿಗೆ ಹಿಡಿದು ನೋಡಿ, “ಕೈ ಅಲ್ಲೋ ಇದು, ಮಿಷನ್ನು,” ಎಂದದ್ದು ನೆನಪಿದೆ. ಹೊಗಳಿಕೆಯಲ್ಲಿ ಅಪ್ಪ ಅದಕ್ಕಿಂತ ದೂರ ಹೋದವನಲ್ಲ.

ಕೊನೆಯ ಬೇರಿಂಗು ಮುಗಿದ ಮರುದಿನ ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆಗೆ ಬಂಡಿ, ಮೋಟಾರು, ಕಮ್ಮಾರನ ಸುತ್ತಿಗೆ, ಬಡಿಗನ ಉಳಿ, ಎಲ್ಲವನ್ನೂ ತೊಳೆದು ಪೂಜೆ ಮಾಡಿ ಕೈಕಟ್ಟಿ ಕೂರುತ್ತಾರೆ. ಮೋದಿನಸಾಬನೂ ಆ ದಿನ ಪಾನಾ ಮುಟ್ಟುತ್ತಿರಲಿಲ್ಲ. “ನಾಡಿದ್ದ ಕೂಡ್ಸೂದು,” ಎಂದು ಹೇಳಿ ಮನೆಗೆ ಹೋಗಿದ್ದ. ಅಪ್ಪ ಮತ್ತು ಕಾಕಾ ಬೇರೆ ಕೆಲಸಕ್ಕೆ ಸಿಂಧನೂರಿಗೆ ಹೋಗಿದ್ದರು. ಅವ್ವ ಹೋಳಿಗೆಯ ಹೂರಣ ರುಬ್ಬುತ್ತಿದ್ದಳು. ಆಯಿ ಕೂತಲ್ಲಿಂದಲೇ ನನಗೆ ಹೇಳಿದಳು:

“ಬಿಚ್ಚಿ ಇಟ್ಟಾರಂತ ಮೋಟಾರಿಗೆ ಪೂಜಿ ಬಿಡಾಕಾಗತೈತೇನು? ಸಾಮಾನಿಗೆ ಹೂವು ಏರಿಸಿ ಊದಿನಕಡ್ಡಿ ಹಚ್ಚತೀನಿ. ನೀ ಹೋಗಿ ದೇವರ ಸಾಮಾನು ಬೆಳಗಿ ತಾ.”

ಬಚ್ಚಲ ಕಲ್ಲಿನ ಹತ್ತಿರ ಬೂದಿಯ ಗಡಿಗೆ, ಹುಣಸೆಹಣ್ಣು, ತೆಂಗಿನ ನಾರು. ನಾನು ಆರತಿ ತಟ್ಟೆ ತಿಕ್ಕಿ ಬೆಳಗಿದೆ, ಗಂಟೆ ಬೆಳಗಿದೆ, ತಂಬಿಗೆ ಬೆಳಗಿದೆ. ತಂದು ಪಡಸಾಲೆಯಲ್ಲಿ ಇಟ್ಟು ನೋಡಿದರೆ, ಫಳಫಳ ಹೊಳೆಯುವ ಆ ಹಿತ್ತಾಳೆಯ ಪಕ್ಕದಲ್ಲಿ ಮೋದಿನ ಮಾಮಾನ ಬೇರಿಂಗುಗಳು ಕಾಡಿಗೆ ಮೆತ್ತಿಕೊಂಡು ಕರ್‍ರಗೆ ಕೂತಿದ್ದವು. ಮೂರು ವಾರ ಅವನು ಉಸಿರು ಹಿಡಿದು ಮಾಡಿದ್ದು. ದೇವರ ಮುಂದೆ ಅವು ಹೀಗೆ ಮುಸುರೆ ಪಾತ್ರೆಯಂತೆ ಕೂರುವುದೇ? ನನಗೆ ನಿಜಕ್ಕೂ ಸಂಕಟವಾಯಿತು. ಮುಟ್ಟಬಾರದೆಂದು ಹೇಳಿದ್ದು ಮರೆತಿರಲಿಲ್ಲ. ಆದರೆ ಆ ಮಾತು ಕೆಡಿಸುವವರಿಗೆ, ನಾನು ಕೆಡಿಸುವವಳಲ್ಲ ಎಂದುಕೊಂಡೆ. ಎಲ್ಲವನ್ನೂ ಸೆರಗಿನಂತೆ ಮಾಡಿದ ಲಂಗದಲ್ಲಿ ತುಂಬಿಕೊಂಡು ಬಚ್ಚಲಿಗೆ ಒಯ್ದೆ. ಬೂದಿ, ಹುಣಸೆಹಣ್ಣು ಹಚ್ಚಿ ಒಂದೊಂದನ್ನೂ ಒಳಮೈಗೆ ನಾರು ಒತ್ತಿ ತಿಕ್ಕಿದೆ. ಬೆಳ್ಳಿಯಂತೆ ಹೊಳೆದವು. ತೊಳೆದು, ಒರೆಸಿ, ಇದ್ದ ಕ್ರಮದಲ್ಲೇ ಇಟ್ಟೆ. ಆಯಿ ಬಂದು ಕೈಯಾಡಿಸಿಕೊಂಡು ಹೂವು ಏರಿಸಿದಳು. ಅವಳ ಕಣ್ಣಿಗೆ ಕಪ್ಪೂ ಒಂದೇ, ಬಿಳುಪೂ ಒಂದೇ. ಇಂಜಿನ್ನಿನ ಮೈಗೆ ಮೂರು ಬೆರಳಿನ ವಿಭೂತಿಯನ್ನೂ ಎಳೆದಳು. ನಾನು ಕೈಮುಗಿದು ನಿಂತೆ. ಅಷ್ಟು ಚೆಂದದ ಅಮಾವಾಸ್ಯೆ ನಾನು ಕಂಡಿರಲಿಲ್ಲ.

ಮರುದಿನ ಮೋದಿನಸಾಬ ಬಂದು ಬೇರಿಂಗುಗಳನ್ನು ನೋಡಿದವನೇ ನಿಂತುಬಿಟ್ಟ.

“ಕಾಡಿಗಿ ಯಾರು ತಗದಾರ?”

ಅವನ ದನಿ ಗಟ್ಟಿಯಾಗಿತ್ತು. ಶಾಭಾಷ್ ಎನ್ನುತ್ತಾನೆಂದು ಕಾದಿದ್ದ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

“ನಾನ ರೀ ಮಾಮಾ. ಬಟ್ಟಿಲೆ ಒರಸೀನಿ.”

“ಬಟ್ಟಿಲೆನಾ?”

“ಹೂಂ ರೀ. ಬಟ್ಟಿಲೆ.”

ಬಟ್ಟೆಯಿಂದ ಎಂದದ್ದಕ್ಕೆ ಅವನ ಮುಖ ಸಡಿಲವಾಯಿತು. “ಹಂಗಾದ್ರ ಅಡ್ಡಿಲ್ಲ ಬೇಟಿ. ಮತ್ತ ಮುಟ್ಟಬ್ಯಾಡ,” ಎಂದು ಎಲ್ಲವನ್ನೂ ಇನ್ನೊಮ್ಮೆ ಸೀಮೆಎಣ್ಣೆಯಲ್ಲಿ ಅದ್ದಿ ತೆಗೆದು ಕೂರಿಸತೊಡಗಿದ. ಆ ಧಾತು ಮೆತ್ತಗೆ. ಅದರೊಳಗೆ ಹೊಕ್ಕು ಕೂತ ಬೂದಿಯ ಕಣ ಸೀಮೆಎಣ್ಣೆಗೆ ಬಿಡುವುದಿಲ್ಲ. ಇದು ನನಗೆ ಗೊತ್ತಾದದ್ದು ಆಮೇಲೆ. ಆಗ ನನಗೆ ಗೊತ್ತಿದ್ದದ್ದು ಒಂದೇ, ಬೈಸಿಕೊಳ್ಳುವುದು ತಪ್ಪಿತು ಎಂದು.

ಇಂಜಿನ್ನು ಮತ್ತೆ ಮೋಟಾರಿನೊಳಗೆ ಹೋಯಿತು. ಹ್ಯಾಂಡಲ್ ಹಾಕಿ ಎರಡನೆಯ ಸಲ ತಿರುಗಿಸಿದ್ದಕ್ಕೇ ಎದ್ದಿತು. ಎಂಥ ಮೆತ್ತನೆಯ ಸಪ್ಪಳ! ಆಯಿ ತಲೆ ಓರೆ ಮಾಡಿ ಕೇಳಿ, “ಬೀಸೂಕಲ್ಲಿನ ಸಪ್ಪಳ ಆಗೈತಿ,” ಎಂದಳು. ಅವಳ ಬಾಯಿಂದ ಅದು ದೊಡ್ಡ ಮಾತು. ಪಡಸಾಲೆ ತೊಳೆದೆವು, ತೊಲೆಯ ಕೆಳಗೆ ಮತ್ತೆ ಕೂತು ಉಂಡೆವು. ಆ ದಿನ ಮೋದಿನಸಾಬನಿಗೂ ಅವ್ವ ಹೊರಗಿನ ಕಟ್ಟೆಯ ಮೇಲೆ ಎಲೆ ಹಾಕಿ ಹೋಳಿಗೆ ಬಡಿಸಿದಳು. ಕಾಕಾನೇ ತುಪ್ಪ ಹಾಕಿದ.

ಹದಿನೈದು ದಿನ ಅಪ್ಪ ಮೋಟಾರನ್ನು ನಿಧಾನವಾಗಿ ಓಡಿಸಿದ. ಆಮೇಲೆ ಸಾಲಗುಂದದಿಂದ ಒಬ್ಬ ಮದುವಣಗಿತ್ತಿಯನ್ನು ಲಿಂಗಸೂಗೂರಿನ ಗಂಡನ ಮನೆಗೆ ಮುಟ್ಟಿಸುವ ಬಾಡಿಗೆ ಬಂತು. ಕಾಕಾ ಅಪ್ಪನ ಪಕ್ಕದಲ್ಲಿ ಇಸ್ತ್ರಿ ಅಂಗಿ ಹಾಕಿ ಕೂತು ಹೋದ. ಸಂತೆಕಲ್ಲೂರಿನ ಹತ್ತಿರ ಒಳಗೆ ಟಕ್ ಟಕ್ ಶುರುವಾಯಿತಂತೆ, ಹತ್ತು ಮಾರು ಹೋಗುವುದರೊಳಗೆ ಬಡಿಗೆಯಲ್ಲಿ ಬಡಿದ ಸಪ್ಪಳ, ಆಮೇಲೆ ಏನೂ ಇಲ್ಲ. ಮದುವಣಗಿತ್ತಿ ಅಳುತ್ತ ಯಾರದೋ ಬಂಡಿ ಏರಿದಳು. ಮೋಟಾರಿಗೆ ಎರಡು ಜೋಡಿ ಎತ್ತು ಕಟ್ಟಿ ಮಸ್ಕಿಗೆ ಎಳೆದು ತಂದರು. ಊರ ಬಾಗಿಲ ಅಗಸಿಯಿಂದ ನಮ್ಮ ಮನೆಯವರೆಗೆ ಊರ ಹುಡುಗರೆಲ್ಲ ಪೋಂ ಪೋಂ ಎಂದು ಕೂಗುತ್ತ ಹಿಂದೆ ಬಂದರು. ಅಪ್ಪ ಸ್ಟಿಯರಿಂಗು ಹಿಡಿದು ನೇರ ನೋಡುತ್ತ ಕೂತಿದ್ದ. ಕಾಕಾ ಇಳಿದು ಬೇರೆ ಓಣಿಯಲ್ಲಿ ನಡೆದು ಬಂದಿದ್ದ.

ಮತ್ತೆ ಆರು ಜನ, ಮತ್ತೆ ಬೊಂಬು, ಮತ್ತೆ ಪಡಸಾಲೆ. ಮೋದಿನಸಾಬ ಬಿಚ್ಚಿದ. ಕನ್ನಡಿಯಂತಿದ್ದ ಕ್ರ್ಯಾಂಕಿನ ಮೈತುಂಬ ಗೆರೆ ಬಿದ್ದಿದ್ದವು. ಬೇರಿಂಗಿನ ಧಾತು ಬೂದುಬಣ್ಣಕ್ಕೆ ತಿರುಗಿ ಅಲ್ಲಲ್ಲಿ ಕಿತ್ತು ಬಂದಿತ್ತು. ಅಪ್ಪ ಕ್ರ್ಯಾಂಕನ್ನೇ ನೋಡುತ್ತ ನಿಂತ, ಕಾಕಾ ಬಿಡಲಿಲ್ಲ.

“ಧಾತಿನಾಗ ಏನು ಕಲಸಿ ಹೊಯ್ದಿದ್ದೀ ಹೇಳು. ಮೂರು ವಾರ ನಾಟಕ ಮಾಡಿದಿ. ನಾ ಪೈಲೇ ಹೇಳಿದ್ದೆ, ಈ ಮಂದಿನ್ನ ನಂಬಬ್ಯಾಡ ಅಂತ.”

ಮೋದಿನಸಾಬ ತಲೆ ಎತ್ತಲಿಲ್ಲ. ಬೇರಿಂಗಿನ ಒಳಮೈಯನ್ನು ಉಗುರಿನಿಂದ ಕೆರೆದ. ಕೆರೆದದ್ದನ್ನು ಎರಡು ಬೆರಳಿನ ನಡುವೆ ತಿಕ್ಕಿದ. ಆಮೇಲೆ ಬೆರಳನ್ನು ನಾಲಿಗೆಗೆ ಮುಟ್ಟಿಸಿದ. ನಿಧಾನವಾಗಿ ಬಚ್ಚಲ ಕಡೆ ನೋಡಿದ. ಅಲ್ಲಿ ಬೂದಿಯ ಗಡಿಗೆ ಇತ್ತು. ಅಲ್ಲಿಂದ ಅವನ ಕಣ್ಣು ನನ್ನ ಮೇಲೆ ಬಂತು. ನಾನು ಕಸಬರಿಗೆ ಹಿಡಿದು ನನ್ನ ಜಾಗದಲ್ಲೇ ನಿಂತಿದ್ದೆ. ಅವನಿಗೆ ಎಲ್ಲ ತಿಳಿಯಿತೆಂದು ನನಗೆ ತಿಳಿಯಿತು. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾದೆ.

“ತಪ್ಪು ನಂದ ಐತ್ರಿ,” ಎಂದ ಅಪ್ಪನಿಗೆ. ಪಾನಾಗಳನ್ನು ಒಂದೊಂದಾಗಿ ಒರೆಸಿ ಗೋಣಿಚೀಲಕ್ಕೆ ಹಾಕಿಕೊಂಡು ಹೋದ. ಕಾಕಾ ಮರುದಿನ ಮುಂಜಾನೆಯ ಬಸ್ಸಿಗೆ ಹೈದರಾಬಾದಿಗೆ ಹೋಗಿ ತಯಾರ್ ಇಂಜಿನ್ನು ಗೊತ್ತು ಮಾಡಿ ಬರುವುದೆಂದು ತೀರ್ಮಾನವಾಯಿತು. ಅಪ್ಪ ಬೇಡವೆನ್ನಲಿಲ್ಲ.

ಅಂದು ಸಂಜೆ ಮೋದಿನಸಾಬನ ಹೆಂಡತಿ ಹುಸೇನಬಿ ನಮ್ಮ ಬಾಗಿಲಿಗೆ ಬಂದಳು. ಅವಳ ಕೈಯಲ್ಲಿ ನಮ್ಮ ಜರಡಿ ಇತ್ತು. ಯಾವಾಗಲೋ ಒಯ್ದದ್ದು, ಅವ್ವ ಕೇಳಿಯೂ ಇರಲಿಲ್ಲ. “ತಗೋರಿ ಅಕ್ಕಾರ,” ಎಂದು ಕೊಟ್ಟು ಹೋದಳು. ಅವ್ವ ಜರಡಿ ಹಿಡಿದು ಬಾಗಿಲಲ್ಲೇ ನಿಂತಳು.

“ಜರಡಿ ತಿರುಗಿ ಕೊಟ್ಟಾಳಂದ್ರ ಊರು ಬಿಟ್ಟು ಹೊಂಟ್ರು,” ಎಂದಳು ತನಗೆ ತಾನೇ. ಅವ್ವನ ಕಣ್ಣಲ್ಲಿ ನೀರಿತ್ತು. ನಾನು ಆ ಹೊತ್ತು ಉಣ್ಣದೆ ಮಲಗಿದೆ.

ಮುಂಜಾನೆ ಅಪ್ಪ ಸ್ನಾನ ಮಾಡಿ ಪೂಜೆಗೆ ಕೂತಿದ್ದ. ಕೊರಳಿನ ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡು ಅಪ್ಪ ದೃಷ್ಟಿ ನೆಟ್ಟನೆಂದರೆ ಮುಗಿಯುವವರೆಗೆ ಮನೆಯಲ್ಲಿ ಯಾರೂ ಅವನನ್ನು ಮಾತಾಡಿಸುವಂತಿರಲಿಲ್ಲ. ಒಮ್ಮೆ ಎತ್ತು ಹಗ್ಗ ಹರಿದುಕೊಂಡು ಜೋಳದ ರಾಶಿಗೆ ಬಾಯಿ ಹಾಕಿದಾಗಲೂ ಯಾರೂ ಮಾತಾಡಿಸಿರಲಿಲ್ಲ. ಕಾಕಾ ಚೀಲ ಹಿಡಿದು ಹೊಸ್ತಿಲಲ್ಲಿ ನಿಂತು ಚಪ್ಪಲಿ ಮೆಟ್ಟುತ್ತಿದ್ದ. ಅಗಸಿಯ ಕಡೆಯಿಂದ ಬಸ್ಸಿನ ಹಾರ್ನು ಕೇಳಿಸಿತು. ನಾನು ದೇವರ ಕೋಣೆಯ ಬಾಗಿಲಿಗೆ ಹೋಗಿ ನಿಂತೆ. ಅವ್ವ ಬೆರಳು ತುಟಿಗೆ ಇಟ್ಟು ಸನ್ನೆ ಮಾಡಿದಳು. ನಾನು ಕಣ್ಣು ಮುಚ್ಚಿ ಕೂಗಿಯೇ ಬಿಟ್ಟೆ:

“ಅಪ್ಪಾ, ಬೇರಿಂಗಿಗೆ ಬೂದಿ ಹುಣಸೀಹಣ್ಣು ಹಚ್ಚಿ ತಿಕ್ಕಿದಾಕಿ ನಾನು. ಅಮಾಸಿ ದಿನ. ಮಾಮಾಗ ಬಟ್ಟಿಲೆ ಒರಸೀನಿ ಅಂತ ಸುಳ್ಳು ಹೇಳಿದ್ದೆ.”

ಕಾಕಾ ಮೊದಲು ನಕ್ಕ. “ಬೂದಿಲೆ ಇಂಜಿನ್ನು ಕೆಡತೈತೇನು?” ಎಂದ. ಆಮೇಲೆ ಚೀಲ ಕೆಳಗಿಟ್ಟು, ಪರಾತದಲ್ಲಿದ್ದ ಬೇರಿಂಗೊಂದನ್ನು ಎತ್ತಿ ಒಳಮೈಗೆ ಬೆರಳು ಆಡಿಸಿದ. ಬೂದಿಯ ಒರಟು ಕಣ ಬೆರಳಿಗೆ ತಾಗಿರಬೇಕು. ನಗು ನಿಂತಿತು. ಹಾರ್ನು ಇನ್ನೊಮ್ಮೆ ಕೂಗಿತು. ಅಪ್ಪನ ದೃಷ್ಟಿ ಲಿಂಗದ ಮೇಲಿಂದ ಕದಲಲಿಲ್ಲ. ಆದರೆ ಅವನ ಬಲಗೈ ನಿಧಾನವಾಗಿ ಮೇಲೆದ್ದು, ಅಂಗೈ ಕಾಕಾನ ಕಡೆ ತಿರುಗಿ, ಹಾಗೇ ನಿಂತಿತು. ಬಸ್ಸು ಹೋಯಿತು.

ಅಪ್ಪ ಪೂಜೆಯನ್ನು ದಿನಾ ಮಾಡುವಷ್ಟೇ ಹೊತ್ತು ಮಾಡಿದ. ನಾನು ನಿಂತೇ ಇದ್ದೆ. ಮುಗಿಸಿ ಎದ್ದವನು ದಿನಾ ಹಚ್ಚುವಂತೆ ನನ್ನ ಹಣೆಗೆ ವಿಭೂತಿ ಹಚ್ಚಿದ. ಹೊಡೆಯುತ್ತಾನೆಂದು ಹಲ್ಲು ಕಚ್ಚಿ ನಿಂತಿದ್ದ ನನಗೆ ಆ ಬೆರಳು ತಾಗಿದ್ದೇ ತಡ, ಅಳು ಒತ್ತರಿಸಿ ಬಂತು. “ನಡಿ,” ಎಂದು ಕೈ ಹಿಡಿದು ಹೊರಟ.

ಮೋದಿನಸಾಬನ ಮನೆಯಲ್ಲಿ ಗಂಟುಗಳು ಕಟ್ಟಿ ತಯಾರಿದ್ದವು. ಅಪ್ಪ ಹೊರಗೆ ನಿಲ್ಲದೆ ಒಳಗೆ ಹೋಗಿ ಚಾಪೆಯ ಮೇಲೆ ಕೂತ.

“ನಿನಗ ಗೊತ್ತಿತ್ತಲ್ಲೋ ಮೋದಿನ?”

“ನಾಲಿಗಿಗೆ ಹತ್ತಿದ ಕೂಡ್ಲೆ ಗೊತ್ತಾತ್ರಿ. ನಮ್ಮನ್ಯಾಗೂ ಬೂದಿಲೇ ಬೆಳಗತಾರ.”

“ಮತ್ತ ಹೇಳಲಿಲ್ಲ ಯಾಕ?”

“ಒಂಬತ್ತು ವರ್ಷದ ಕೂಸಿನ ಮ್ಯಾಲ ಹಾಕಿ ನಾ ಉಳಕೋಬೇಕೇನ್ರಿ? ಅದಲ್ದ ತಪ್ಪು ನಂದೂ ಐತಿ. ಮುಟ್ಟಬ್ಯಾಡ ಅಂದೆ, ಯಾಕ ಮುಟ್ಟಬಾರ್ದು ಅಂತ ಹೇಳಿದ್ದಿಲ್ಲ.” ಆಮೇಲೆ ನನ್ನ ಕಡೆ ತಿರುಗಿದ. ನಗಲಿಲ್ಲ. “ಬೂದಿ ಹಚ್ಚಿದ್ದಕ್ಕ ನನಗ ಸಿಟ್ಟಿಲ್ಲ ಬೇಟಿ. ಬೂದಿ ಅಂದಿದ್ರ ಮತ್ತೊಮ್ಮೆ ಧಾತು ಹೊಯ್ದು ಕೆತ್ತತಿದ್ದೆ. ಬಟ್ಟಿ ಅಂದಿ. ನಾ ನಂಬಿದೆ.”

ಜೀವನದಲ್ಲಿ ಆಮೇಲೆ ನಾನು ಬೇಕಾದಷ್ಟು ಬೈಸಿಕೊಂಡಿದ್ದೇನೆ. ಯಾವುದೂ ಅಷ್ಟು ಆಳಕ್ಕೆ ಹೋಗಲಿಲ್ಲ. ಅಪ್ಪ ಗಂಟೊಂದನ್ನು ತನ್ನ ಕೈಯಿಂದಲೇ ಬಿಚ್ಚಿ, “ಪಾನಾ ತಗೊಂಡು ಬಾ,” ಎಂದು ಹೇಳಿ ಎದ್ದ. ಕ್ರ್ಯಾಂಕಿನ ಗೆರೆ ತೆಗೆಯಲು ಅದನ್ನು ರಾಯಚೂರಿನ ಲೇತ್ ಕಾರ್ಖಾನೆಗೆ ಒಯ್ದವನು ಬಸಣ್ಣ ಕಾಕಾ. ಧೋತರದಲ್ಲಿ ಸುತ್ತಿ, ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಬಂದ. ಇಸ್ತ್ರಿ ಅಂಗಿಗೆ ಗ್ರೀಸ್ ಹತ್ತಿತ್ತು. ಮೋದಿನಸಾಬನ ಹತ್ತಿರ ತಪ್ಪಾಯಿತೆಂದು ಅವನು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಲಿಲ್ಲ, ಆದರೆ ಕ್ರ್ಯಾಂಕನ್ನು ಅವನ ಕೈಗೇ ತಂದು ಕೊಟ್ಟ.

ಆಯಿ ಮತ್ತೆ ಕಾಡಿಗೆ ಕಟ್ಟಿದಳು. ಈ ಸಲ ದಂಡಕ್ಕೆ ಕಾಡಿಗೆ ಹಚ್ಚುವ ಕೆಲಸ ನನಗೆ ಬಂತು. ಬೇರಿಂಗು ತೆಗೆದಾಗಲೆಲ್ಲ ಮೋದಿನ ಮಾಮಾ, “ಎಲ್ಲಿ ಹತ್ತೇತಿ ಹೇಳು,” ಎಂದು ನನ್ನನ್ನೇ ಕೇಳುತ್ತಿದ್ದ. ನಾನು ತೋರಿಸಿದಲ್ಲಿ ಅವನು ಕೆತ್ತುತ್ತಿದ್ದ. ಎಲ್ಲ ಮುಗಿದ ದಿನ ಅವನು ಇಂಜಿನ್ನಿನ ಮೈ ಒರೆಸುತ್ತ ಕೂತು, ಬೇರಿಂಗುಗಳನ್ನು ಸ್ವಚ್ಛ ಮಾಡಿ ಕೊಡು ಎಂದ. ಅವ್ವ ಒಗೆದು ಒಣಗಿಸಿಟ್ಟಿದ್ದ ಮೆತ್ತನೆಯ ಬಟ್ಟೆ ತಂದೆ. ಸೀಮೆಎಣ್ಣೆಯಲ್ಲಿ ಅದ್ದಿ, ಒಂದೊಂದನ್ನೇ ಒರೆಸಿ, ಕ್ರಮ ತಪ್ಪದಂತೆ ಅವನ ಮುಂದೆ ಇಟ್ಟೆ. ಅವನು ಮೊದಲನೆಯದನ್ನು ಎತ್ತಿಕೊಂಡು ನನ್ನ ಮುಖ ನೋಡಿದ. ಅಪ್ಪ, ಕಾಕಾ, ಬಾಗಿಲಲ್ಲಿ ಅವ್ವ, ಎಲ್ಲರೂ ಇದ್ದರು.

“ಬಟ್ಟಿಲೆನಾ?”

“ಬಟ್ಟಿಲೆ ರೀ ಮಾಮಾ.”

ಅವನು ಅದನ್ನು ಬೆಳಕಿಗೆ ಹಿಡಿಯಲಿಲ್ಲ, ಉಗುರಿನಿಂದ ಕೆರೆಯಲಿಲ್ಲ, ಬೆರಳು ಆಡಿಸಿಯೂ ನೋಡಲಿಲ್ಲ. ಅದರ ಜಾಗದಲ್ಲಿ ಕೂರಿಸಿ, ಬೋಲ್ಟಿಗೆ ಪಾನಾ ಹಚ್ಚಿ ಬಿಗಿಯತೊಡಗಿದ.